ಏಳನೇ ಸ್ಥಾನ

ಬೆಳಿಗ್ಗೆಯಿಂದ ಮನಸ್ಸು ಸರಿ ಇಲ್ಲ. ನಮ್ಮೂರ ಮೈದಾನದಲ್ಲಿ ಇವತ್ತು ಹೈಸ್ಕೂಲ್ ಮಕ್ಕಳ 800 ಮೀಟರ್ ಓಟ ಇತ್ತು. ಒಬ್ಬ ಹುಡುಗ ಮೊದಲ ಸುತ್ತು ಪೂರ್ತಿ ಮುಂದಿದ್ದ, ಕೊನೆಗೆ ಏಳನೆಯವನಾದ. ಗೆರೆ ದಾಟಿ ಇನ್ನೂ ಏದುಸಿರು ಬಿಡುತ್ತಿದ್ದಾನೆ, ಅಪ್ಪ ಬಂದು "ಏಳನೇದು ಬರೋಕೆ ಇಷ್ಟು ದೂರ ಬಂದ್ವಾ?" ಅಂದರು. ಎಲ್ಲರೆದುರು.

ಆ ಅಪ್ಪನಿಗೆ ಶ್ರೀರಾಮ್ ಸಿಂಗ್ ಯಾರು ಅಂತ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು ಹೇಳಿ? ಮಿಲ್ಖಾ ಸಿಂಗ್, ಪಿ.ಟಿ. ಉಷಾ ಅವರ ನಾಲ್ಕನೇ ಸ್ಥಾನದ ಕತೆ ಎಲ್ಲರಿಗೂ ಬಾಯಿಪಾಠ. ಏಳನೇ ಸ್ಥಾನದ ಕತೆ ಯಾರಿಗೂ ಬೇಡ.

1976, ಮಾಂಟ್ರಿಯಲ್ ಒಲಿಂಪಿಕ್ಸ್, 800 ಮೀಟರ್ ಫೈನಲ್. ರಾಜಸ್ಥಾನದ ಸೈನಿಕ ಶ್ರೀರಾಮ್ ಸಿಂಗ್, ಕೋಚ್ ಇಲ್ಯಾಸ್ ಬಾಬರ್ ಅವರ ಗರಡಿಯಲ್ಲಿ ಪಳಗಿದವರು, ಮೊದಲ ಸುತ್ತನ್ನು 50.85 ಸೆಕೆಂಡಿನಲ್ಲಿ ಮುಗಿಸಿದರು. ಎರಡನೇ, ಅಂದರೆ ಕೊನೆಯ ಸುತ್ತಿನ ಗಂಟೆ ಹೊಡೆದಾಗ ಎಲ್ಲರಿಗಿಂತ ಮುಂದೆ ಅವರೇ! ಆಮೇಲೆ ಕ್ಯೂಬಾದ ಹುವಾಂಟೊರೆನಾ ಮುಂದೆ ಹೋದರು, 1 ನಿಮಿಷ 43.50 ಸೆಕೆಂಡಿನಲ್ಲಿ ವಿಶ್ವದಾಖಲೆ ಬರೆದರು. ಮೊದಲ ಸುತ್ತು ಅಷ್ಟು ಬಿರುಸಾಗಿ ಇರದಿದ್ದರೆ ಆ ದಾಖಲೆ ಅವತ್ತು ಆಗುತ್ತಿತ್ತಾ? ನನಗಂತೂ ಅನುಮಾನ. ಶ್ರೀರಾಮ್ ಏಳನೆಯವರಾದರು.

ಮೊದಲೇ ಅಷ್ಟು ಜೋರಾಗಿ ಓಡಬಾರದಿತ್ತು, ಶಕ್ತಿ ಉಳಿಸಿಕೊಳ್ಳಬೇಕಿತ್ತು ಅನ್ನುವವರಿದ್ದಾರೆ. ಸುಮ್ನೆ ಮಾತು. ಅವತ್ತು ಅವರು ಓಡಿದ ಸಮಯ 1 ನಿಮಿಷ 45.77 ಸೆಕೆಂಡ್. 42 ವರ್ಷ ಯಾವ ಭಾರತೀಯನಿಂದಲೂ ಅದನ್ನು ಮುರಿಯಲು ಆಗಲಿಲ್ಲ. 2018ರಲ್ಲಿ ಗುವಾಹಟಿಯಲ್ಲಿ ಜಿನ್ಸನ್ ಜಾನ್ಸನ್ 1:45.65ಕ್ಕೆ ಓಡಿದಾಗಲೇ ಅದು ಮುರಿದದ್ದು. ತಪ್ಪಾಗಿ ಓಡಿದವನ ಸಮಯ ಅಷ್ಟು ವರ್ಷ ನಿಲ್ಲುತ್ತದಾ?

ಪದಕವೇ ಬೇಕು ಅನ್ನುವವರಿಗೂ ಹೇಳುತ್ತೇನೆ. 1974ರ ಟೆಹರಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1978ರ ಬ್ಯಾಂಕಾಕ್‌ನಲ್ಲಿ ಮತ್ತೆ ಚಿನ್ನ. ಎರಡೂ ಇದೇ 800 ಮೀಟರಿನಲ್ಲಿ. ಆದರೆ ನನಗೆ ಆ ಏಳನೇ ಸ್ಥಾನವೇ ಜಾಸ್ತಿ ದೊಡ್ಡದು.

ಯಾಕೆ ಅಂದರೆ, ನಾನೂ ಶಾಲೆಯಲ್ಲಿ 800 ಓಡಿದವನು. 600 ದಾಟಿದ ಮೇಲೆ ತೊಡೆ ಕಲ್ಲಾಗುತ್ತದೆ, ಎದೆ ಉರಿಯುತ್ತದೆ. ಇದುವರೆಗೆ ಯಾರಿಗೂ ಹೇಳದ ಒಂದು ಮಾತಿದೆ. ಜಿಲ್ಲಾ ಮಟ್ಟದ ಓಟದಲ್ಲಿ ನಾನು ಬೇಕಂತಲೇ ಹಿಂದೆ ಉಳಿದೆ. ಮುಂದೆ ಹೋಗಿ ಆಮೇಲೆ ಸೋತರೆ ನಗುತ್ತಾರೆ ಅನ್ನುವ ಭಯ. ಐದನೆಯವನಾದೆ, ಮೈಯಲ್ಲಿ ಇನ್ನೂ ಓಟ ಉಳಿದಿತ್ತು. ಅದು ಇವತ್ತಿಗೂ ಚುಚ್ಚುತ್ತದೆ.

ಈ ಹುಡುಗ ಹಾಗೆ ಏನನ್ನೂ ಉಳಿಸಿಕೊಂಡಿರಲಿಲ್ಲ. ಹತ್ತಿರ ಹೋಗಿ ಹೇಳಬೇಕು ಅಂತ ಎದ್ದೆ. ಅಷ್ಟರಲ್ಲಿ ಅವನು ಶೂ ಕೈಯಲ್ಲಿ ಹಿಡಿದು, ಅಪ್ಪನ ಬೈಕ್ ಹತ್ತಿ ಹೋಗಿಬಿಟ್ಟಿದ್ದ. ಅವನ ಶಾಲೆಯ ಹೆಸರು ಬನಿಯನ್ ಮೇಲಿತ್ತು. ಸೋಮವಾರ ಹೋಗಿ ಬರುತ್ತೇನೆ.