ಸಂದಿಗೆ ಗುಲಾಬಿ ಹಾಕೋರಿಗೆ

ಈಗಷ್ಟೇ ನರ್ಸರಿಯಲ್ಲಿ ಕಂಡದ್ದು. ಗಂಡ ಹೆಂಡತಿ, ಕಾರಿನ ಡಿಕ್ಕಿಯಲ್ಲಿ ಆರು ಗುಲಾಬಿ ಗಿಡ. ಎಲ್ಲಿಗೆ ಅಂದ್ರೆ, ಮನೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಸಂದಿಗೆ! "ನೆರಳಲ್ಲೂ ಬರುತ್ತೆ ಮೇಡಂ, ಗೊಬ್ಬರ ಜಾಸ್ತಿ ಹಾಕಿ ಅಷ್ಟೆ" ಅಂದ ಮಾರೋ ಹುಡುಗ. ಬರುತ್ತೆ, ಬರದೇ ಏನು. ಕಡ್ಡಿ ಉದ್ದುದ್ದಕ್ಕೆ ಬರುತ್ತೆ, ಎಲೆಗೆ ಕಪ್ಪು ಚುಕ್ಕೆ ಬರುತ್ತೆ. ಹೂವೊಂದು ಬರಲ್ಲ. ಈಗಿರೋ ಮೊಗ್ಗು, ಗಿಡ ಬೆಳೆದ ಬಯಲಿನ ಬಿಸಿಲು ಕೊಟ್ಟ ಸಾಲ. ಅದು ತೀರಿದ ಮೇಲೆ "ನಮ್ಮ ಕೈಗುಣ ಸರಿಯಿಲ್ಲ" ಅಂತ ಕೊರಗೋದು ಈ ದಂಪತಿ.

ಯಾವ ಹೂ ಬೇಕು ಅಂತ ಎಲ್ಲರೂ ಕೇಳ್ತಾರೆ. ಆ ಜಾಗಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತೆ ಅಂತ ಯಾರೂ ಕೇಳಲ್ಲ. ಗುಲಾಬಿಗೆ ನೇರ ಬಿಸಿಲು ಐದಾರು ಗಂಟೆ ಬೇಕು. ಸಂದಿಯಲ್ಲಿ ಎಷ್ಟಿದೆ ಅಂತ ತಿಳಿಯೋಕೆ ಉಪಕರಣ ಬೇಡ, ಒಂದು ಬಿಳಿ ಹಾಳೆ ಸಾಕು. ನೆಲದ ಮೇಲಿಟ್ಟು ಒಂದಡಿ ಮೇಲೆ ಕೈ ಹಿಡೀರಿ. ಬೆರಳಿನ ಅಂಚು ಗೀರಿದ ಹಾಗೆ ಕಂಡರೆ ಬಿಸಿಲು, ಮಬ್ಬಾಗಿ ಕಂಡರೆ ಅರೆನೆರಳು, ಕೈಯ ನೆರಳೇ ಬೀಳದಿದ್ದರೆ ಗಾಢ ನೆರಳು. ಬೆಳಗ್ಗೆ 9ಕ್ಕೆ, ನಡುಹಗಲಿಗೆ, ಮಧ್ಯಾಹ್ನ 3ಕ್ಕೆ ನೋಡಿ. ಬೆಂಗಳೂರಲ್ಲಿ ಸೂರ್ಯ ನೆತ್ತಿಗೆ ಬರೋದು 12ಕ್ಕಲ್ಲ, ಸುಮಾರು 12:20ಕ್ಕೆ.

ಇಷ್ಟು ನೋಡಿದವರೂ ಎಡವೋ ಜಾಗ ಇನ್ನೊಂದಿದೆ. "ಉತ್ತರದ ಪಕ್ಕ ಅಂದ್ರೆ ಸದಾ ನೆರಳು" ಅನ್ನೋದು ಇಂಗ್ಲೆಂಡ್, ಅಮೆರಿಕದವರ ಮಾತು. ಅವರಿಗೆ ಅದು ಸರಿ, ಅಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೇ ಇರ್ತಾನೆ. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಬೆಂಗಳೂರಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ. ಡಿಸೆಂಬರಲ್ಲಿ ಇಪ್ಪತ್ತಡಿ ಗೋಡೆ ನಡುಹಗಲಲ್ಲೂ ಉತ್ತರಕ್ಕೆ ಹದಿನಾಲ್ಕು ಹದಿನೈದು ಅಡಿ ನೆರಳು ಚೆಲ್ಲುತ್ತೆ. ಅದೇ ಸಂದಿಗೆ ಮೇ ತಿಂಗಳಲ್ಲಿ ಬಿಸಿಲು ನೆಟ್ಟಗೆ ಬಂದು ಬೀಳುತ್ತೆ. ಡಿಸೆಂಬರಲ್ಲಿ "ಆಹಾ ತಂಪು" ಅಂತ ಕಲಾಥಿಯಾ, ಪೀಸ್ ಲಿಲಿಯಂಥ ನೆರಳಿನ ಗಿಡ ಸಾಲಾಗಿ ನೆಟ್ಟವರ ಗಿಡ ಮೇ ತಿಂಗಳಲ್ಲಿ ಹಪ್ಪಳ. (ಕಲಾಥಿಯಾ ಮೇಲೆ ನನಗೂ ಆಸೆಯೇ, ಸುಳ್ಳು ಯಾಕೆ. ಆದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು, ಫೆಬ್ರವರಿ-ಮಾರ್ಚಿನ ಒಣಗಾಳಿ ಎರಡೂ ಸೇರಿ ಅದರ ಎಲೆಯಂಚು ಸುಟ್ಟೇ ಸುಡುತ್ತೆ.)

ಅದಕ್ಕೇ ಉತ್ತರದ ಸಂದಿಗೆ ನಮ್ಮ ಮಳೆಗಾಲದ ಗೆಡ್ಡೆಗಳಷ್ಟು ಹೊಂದೋದು ಬೇರೆ ಇಲ್ಲ. ಅರಿಶಿನ ನೋಡಿ. ಮೇ ಕೊನೆಗೆ ಎರಡಿಂಚು ಆಳದಲ್ಲಿ, ಒಂದಡಿಗೊಂದರಂತೆ ಗೆಡ್ಡೆ ಹೂತರೆ ಬಿಸಿಲಿರೋ ತಿಂಗಳಲ್ಲಿ ಚಿಗುರಿ ಬೆಳೆದುಬಿಡುತ್ತೆ. ಸಂದಿ ಕತ್ತಲಾಗೋ ಹೊತ್ತಿಗೆ ಎಲೆ ಹಳದಿಯಾಗಿ ಒಣಗುತ್ತೆ, ಸಂಕ್ರಾಂತಿಗೆ ಗೆಡ್ಡೆ ಕೀಳಬಹುದು. ಸುರುಳಿ ಸುಗಂಧಿಯೂ ಹಾಗೇ, ಮಳೆಗಾಲದಲ್ಲಿ ಹೂ, ಸಂಜೆಗೆ ಘಮ. ಎರಡಡಿ ಅಂತರ ಕೊಡಿ, ಅದು ಹಬ್ಬುತ್ತೆ. ಬಟ್ಟೆ ಒಗೆದ ನೀರಲ್ಲ, ಮಳೆನೀರಿನ ಪೈಪು ಬಿಡೋ ಮೂಲೆಗೆ ಕೆಸು. ಪತ್ರೊಡೆಗೆ ಬೇಕಂದ್ರೆ ತಿನ್ನೋ ಜಾತಿಯ ಗೆಡ್ಡೆಯನ್ನೇ ತನ್ನಿ. ಅಲಂಕಾರಕ್ಕೆ ಮಾರೋ ದೊಡ್ಡೆಲೆಯದನ್ನು ತಂದು ಸುತ್ತಿದರೆ ಗಂಟಲು ಹಿಡಿಯುತ್ತೆ.

ಎರಡು ಮನೆ ಅಂಟಿಕೊಂಡಂತಿದ್ದು ವರ್ಷವಿಡೀ ಬಿಸಿಲು ಇಣುಕದ ಸಂದಿಯಾದರೆ ಎಲೆ ನೋಡೋ ಗಿಡಗಳೇ: ಸಿಂಗೋನಿಯಂ, ಅಗ್ಲೋನಿಮಾ, ಜರಿಗಿಡ, ರಾಫಿಸ್ ಪಾಮ್. ಬಿಳಿ-ಹಳದಿ ಪಟ್ಟೆಯವು ಕತ್ತಲಲ್ಲಿ ಮಂಕಾಗುತ್ತವೆ, ಕ್ರೋಟನ್ ಬಣ್ಣವನ್ನೇ ಬಿಡುತ್ತೆ. ಮಗು, ನಾಯಿ ಇರೋ ಮನೆಗೆ ಡಿಫೆನ್‌ಬೇಕಿಯಾ ಬೇಡ. ಅಗಿದರೆ ಬಾಯಿ ಊದುತ್ತೆ.

ಇನ್ನು ಮಣ್ಣು. ಗೋಡೆ ಪಕ್ಕ ಇರೋದು ಮಣ್ಣಲ್ಲ, ಮೇಸ್ತ್ರಿ ಬಿಟ್ಟುಹೋದ ಆಸ್ತಿ: ಗಾರೆ, ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ. ಆ ಸುಣ್ಣದ ಅಂಶಕ್ಕೆ ಬೇರು ಕಬ್ಬಿಣ ಹೀರಲ್ಲ, ಹೊಸ ಎಲೆಯಲ್ಲಿ ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಅದಕ್ಕೆ ಯೂರಿಯಾ ಸುರಿಯೋ ಪುಣ್ಯಾತ್ಮರಿದ್ದಾರೆ! ಒಂದಡಿ ಅಗೆದು ತೆಗೆದುಹಾಕಿ. ಹದಿನೈದಡಿ ಉದ್ದ, ಎರಡಡಿ ಅಗಲದ ಪಾತಿಗೆ 30 ಘನ ಅಡಿ ತುಂಬಬೇಕು: ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ಗೋಡೆಯಿಂದ ಒಂದಡಿ ಬಿಡಿ, ಮಣ್ಣು ಪ್ಲಿಂತ್‌ಗಿಂತ (ಮನೆಯ ನೆಲಗಟ್ಟಿನ ಮಟ್ಟ) ಕೆಳಗೇ ಇರಲಿ, ಇಳಿಜಾರು ಕಾಂಪೌಂಡಿನ ಕಡೆಗೆ. ಇಲ್ಲದಿದ್ದರೆ ಒಳಗೋಡೆಗೆ ತೇವ ಏರುತ್ತೆ, ಬಯ್ಯೋದು ಗಿಡವನ್ನು.

ನೀರು ಕೈ ಬಿಗಿಹಿಡಿದು ಹಾಕಿ. ಬೆರಳು ಎರಡಿಂಚು ಇಳಿಸಿ, ಒಳಗೂ ಒಣಗಿದ್ದರೆ ಮಾತ್ರ. ಸಜ್ಜದ ಕೆಳಗೆ ಜುಲೈ ಮಳೆಯಲ್ಲೂ ಮಣ್ಣು ಒಣಗಿಯೇ ಇರುತ್ತೆ, ಅದನ್ನು ಮರೀಬೇಡಿ. ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಬಂದರೆ ರಾತ್ರಿ ಟಾರ್ಚ್ ಹಿಡಿದು, ಕೈಗೆ ಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಪಾತಿಗೇ ಉಪ್ಪು ಎರಚಿದರೆ ಗಿಡವೂ ಹೋಗುತ್ತೆ.

"ಹೂವಿಲ್ಲದಿದ್ದರೆ ಅದೇನು ತೋಟ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಮೂರು ಗಂಟೆ ಬಿಸಿಲಿದ್ದರೆ ಕನಕಾಂಬರ ಹಾಕಿ, ಮಳೆಗಾಲಕ್ಕೆ ಕರ್ಣಕುಂಡಲದ ಬೀಜ ಎರಚಿ. ಅಷ್ಟೂ ಇಲ್ಲ ಅಂದ್ರೆ ಹೂ ಮಾರ್ಕೆಟ್‌ನಲ್ಲಿದೆ, ಮೊಳದ ಲೆಕ್ಕದಲ್ಲಿ.

ಆ ದಂಪತಿಗೆ ಗೇಟಿನ ಹತ್ತಿರ ಹೇಳಿದೆ, ಆರನ್ನೂ ತಾರಸಿಗೆ ಹತ್ತಿಸಿ, 12 ಇಂಚಿನ ಕುಂಡದಲ್ಲಿಡಿ ಅಂತ. ಆ ಹುಡುಗ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಇನ್ನು ಆ ನರ್ಸರಿಯಲ್ಲಿ ನನಗೆ ಚೌಕಾಸಿ ನಡೆಯಲ್ಲ.