ರುಚಿಗೆ ತಕ್ಕಷ್ಟು ಅಂದ್ರೆ ಎಷ್ಟು?

32 ವರ್ಷ ಆಗುವವರೆಗೆ ನಾನು ಅಡುಗೆಮನೆಗೆ ಹೋಗುತ್ತಿದ್ದುದು ನೀರು ಕುಡಿಯಲು ಮಾತ್ರ. ಆಮೇಲೆ ಒಬ್ಬನೇ ಇರಬೇಕಾಗಿ ಬಂತು. ಮೊದಲ ದಿನ ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಂಡು ಒಲೆ ಮುಂದೆ ನಿಂತೆ. "ಈರುಳ್ಳಿ ಕೆಂಪಗಾಗುವವರೆಗೆ 5 ನಿಮಿಷ ಹುರಿಯಿರಿ" ಅಂತು ವಿಡಿಯೋ. ಟೈಮರ್ ಇಟ್ಟೆ. 5 ನಿಮಿಷ ಆದಮೇಲೂ ಈರುಳ್ಳಿ ಬೆಳ್ಳಗೆ, ಒದ್ದೆಯಾಗಿ, ಹಾಗೇ ಕೂತಿತ್ತು. ಸಿಟ್ಟು ಬಂದು ಉರಿ ಜೋರು ಮಾಡಿದೆ. ಸ್ವಲ್ಪ ಹೊತ್ತಿಗೆ ಅಂಚೆಲ್ಲ ಕಪ್ಪು, ನಡುವೆ ಹಸಿ. ಮುಂದಿನ ಸಾಲು: "ರುಚಿಗೆ ತಕ್ಕಷ್ಟು ಉಪ್ಪು." ಯಾರ ರುಚಿಗೆ? ಆಗಿನ್ನೂ ರುಚಿ ಅಂತ ಒಂದು ಹುಟ್ಟಿಯೇ ಇರಲಿಲ್ಲವಲ್ಲ! ಒಂದು ಹಿಡಿ ಹಾಕಿದೆ. ಆ ರಾತ್ರಿ ಬರೀ ಬ್ರೆಡ್ ತಿಂದು ಮಲಗಿದೆ.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ.

"ಉಪ್ಪು ಎಷ್ಟು ಹಾಕ್ಬೇಕಮ್ಮ?"

"ಕಣ್ಣಳತೆ ಮೇಲೆ ಹಾಕೋದಪ್ಪ."

"ಈರುಳ್ಳಿ ಎಷ್ಟು ಹೊತ್ತು ಹುರಿಯೋದು?"

"ಹದ ಬರೋವರೆಗೆ."

"ಹದ ಬಂತು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಬಿಡು."

ಹೊಸಬರು ಅಡುಗೆಮನೆಯಿಂದ ಓಡಿಹೋಗುವುದು ಸುಟ್ಟ ಬಾಣಲೆಗೆ ಹೆದರಿ ಅಲ್ಲ, ಇಂಥ ಉತ್ತರಗಳಿಗೆ ಹೆದರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಇದರ ಜೊತೆಗೆ ಇನ್ನೊಂದು ಮಾತಿದೆ, ಕೈಗುಣ. ಅವರ ಕೈಗುಣವೇ ಹಾಗೆ ಅಂದುಬಿಟ್ಟರೆ ಮುಗಿಯಿತು. ಕಲಿಯುವವನಿಗೆ ಅದು ಮುಚ್ಚಿದ ಬಾಗಿಲು. ದಿನಾ ಒಲೆ ಮುಂದೆ ನಿಂತು ಕಲಿತವರಿಗೂ ಅದು ಅನ್ಯಾಯವೇ. ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದನ್ನು ಹುಟ್ಟುವಾಗಲೇ ಬಂದದ್ದು ಅಂದ ಹಾಗಾಯಿತು, ಅಲ್ವಾ?

ನನಗೆ ಬಾಗಿಲು ತೆರೆದದ್ದು ಈರುಳ್ಳಿ. ಸುಮ್ನೆ ಅದರ ಬಗ್ಗೆ ಓದುತ್ತಾ ಹೋದೆ. 100 ಗ್ರಾಂ ಈರುಳ್ಳಿಯಲ್ಲಿ ಹೆಚ್ಚುಕಡಿಮೆ 90 ಗ್ರಾಂ ನೀರೇ. ನೀರು ಕುದಿಯುವುದು 100 ಡಿಗ್ರಿಗೆ. ಆ ನೀರು ಆವಿಯಾಗಿ ಹೋಗುವವರೆಗೆ ಈರುಳ್ಳಿ ಅದಕ್ಕಿಂತ ಜಾಸ್ತಿ ಬಿಸಿಯಾಗುವುದಿಲ್ಲ. ಕೆಂಪು ಬಣ್ಣ, ಆ ಘಮ ಚೆನ್ನಾಗಿ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮೀಲ್ ಮಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ. ಅವನ ಹೆಸರೇ ಅದಕ್ಕಿದೆ. ಇನ್ನೊಂದು ಲೆಕ್ಕ ನೋಡಿ. ಸೊನ್ನೆ ಡಿಗ್ರಿಯ ನೀರನ್ನು ಕುದಿಸಲು ಬೇಕಾಗುವ ಶಾಖಕ್ಕಿಂತ, ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಲು 5 ಪಟ್ಟಿಗಿಂತ ಜಾಸ್ತಿ ಶಾಖ ಬೇಕು. 5 ನಿಮಿಷದಲ್ಲಿ ಎಲ್ಲಿಂದ ಆಗಬೇಕು! ಸಣ್ಣ ಉರಿಯಲ್ಲಿ ನಿಜವಾಗಿ ಕಂದು ಬಣ್ಣ ಬರಿಸಬೇಕಾದರೆ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಬಾಣಲೆ ತುಂಬ ಈರುಳ್ಳಿ ಸುರಿದರೆ ಅದು ಹುರಿಯುವುದಿಲ್ಲ, ತನ್ನ ಆವಿಯಲ್ಲೇ ಬೇಯುತ್ತದೆ. ಅವಸರಕ್ಕೆ ಉರಿ ಜೋರು ಮಾಡಿದರೆ ತಳದ್ದು ಸೀಯುತ್ತದೆ, ಮೇಲಿನದು ಹಸಿಯಾಗೇ ಇರುತ್ತದೆ.

ಇಷ್ಟು ತಿಳಿದ ಮೇಲೆ ಬಾಣಲೆಯ ಸದ್ದು ಕಿವಿಗೆ ಬಿತ್ತು. ಮೊದಲಿಗೆ ಜೋರಾಗಿ ಚುಂಯ್ ಅನ್ನುತ್ತದೆ. ಅದು ನೀರಿನ ಸದ್ದು. ನೀರು ಕಮ್ಮಿಯಾದ ಹಾಗೆ ಸದ್ದು ತೆಳ್ಳಗಾಗಿ ಚಿಟಿಚಿಟಿ ಅನ್ನಲು ಶುರುವಾಗುತ್ತದೆ. ಮೂಗಿಗೆ ಹೊಡೆಯುತ್ತಿದ್ದ ಖಾರದ ಹಸಿವಾಸನೆ ಹೋಗಿ ಸಿಹಿ ಘಮ ಬರುತ್ತದೆ. ಸೌಟಿಗೆ ತಳದಲ್ಲಿ ಸ್ವಲ್ಪ ಅಂಟು ಸಿಗುತ್ತದೆ. ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಅಮ್ಮ ಹೊರಗಿನ ಕೋಣೆಯಲ್ಲಿ ಕೂತೇ "ಉರಿ ಸಣ್ಣ ಮಾಡ್ರೋ, ಸೀಯ್ತಾ ಇದೆ" ಅಂತ ಕೂಗುತ್ತಿದ್ದಳು. ಒಲೆ ಕಡೆ ತಿರುಗಿ ಕೂಡ ನೋಡುತ್ತಿರಲಿಲ್ಲ. ಹದ ಅಂತ ಅವಳು ಹೇಳುತ್ತಿದ್ದುದು ಇದನ್ನೇ. ಅವಳಿಗೆ ಅದು ಎಷ್ಟು ರೂಢಿ ಅಂದರೆ, ಬಿಡಿಸಿ ಹೇಳಲು ಮಾತೇ ಇರಲಿಲ್ಲ.

ಇನ್ನು ಉಪ್ಪು. ಒಂದು ಸಣ್ಣ ತೂಕದ ಯಂತ್ರ ತಂದೆ. ನೋಡಿದವರೆಲ್ಲ ನಕ್ಕರು. ನಗಲಿ. 100 ಗ್ರಾಂ ಅಡುಗೆಗೆ 1 ಗ್ರಾಂ ಹತ್ತಿರ ಉಪ್ಪು ಹಾಕಿದರೆ ಹೊಸಬರ ಅಡುಗೆ ಕೆಡುವುದಿಲ್ಲ. ಅರ್ಧ ಕೆಜಿ ಅಡುಗೆ ಅಂದರೆ ಮಟ್ಟಸವಾಗಿ ಒಂದು ಚಿಕ್ಕ ಚಮಚ. ಅದರಲ್ಲೂ ಅರ್ಧ ಮೊದಲು ಹಾಕಿ, ರುಚಿ ನೋಡಿ, ಆಮೇಲೆ ಉಳಿದದ್ದು. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ದಿನ ನಾನು ಹಾಕಿದ್ದು ಬಹುಶಃ ಒಂದು ವಾರದ ಪಾಲು! ಎರಡು ತಿಂಗಳಿಗೆ ತೂಕದ ಯಂತ್ರ ಮೂಲೆ ಸೇರಿತು. ಬೆರಳುಗಳೇ ಅಳೆಯಲು ಕಲಿತಿದ್ದವು.

ಆ ಎರಡು ತಿಂಗಳು ದಿನಾ ರಾತ್ರಿ ಮಾಡಿದ್ದು ಒಂದೇ: ಈರುಳ್ಳಿ, ಮೊಟ್ಟೆ. ಬೇಜಾರು ಹೌದು. ಆದರೆ ದಿನಕ್ಕೊಂದು ಹೊಸ ಅಡುಗೆ ಹಿಡಿಯುವವರು ದಿನಕ್ಕೊಂದು ಹೊಸ ತಪ್ಪು ಮಾಡುತ್ತಾರೆ, ಹಳೆಯದು ಯಾಕಾಯಿತು ಅಂತ ನೋಡಲು ಅವರಿಗೆ ಪುರುಸೊತ್ತೇ ಸಿಗುವುದಿಲ್ಲ. ಒಂದೇ ಅಡುಗೆ ಮಾಡಿದರೆ ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಕಾಣುತ್ತದೆ.

ಚಾಕು ಹರಿತವಾಗಿರಲಿ. ಮೊಂಡು ಚಾಕು ಜಾರಿ ಬೆರಳಿಗೇ ಬರುತ್ತದೆ, ನನ್ನ ಎಡಗೈ ಹೆಬ್ಬೆರಳು ಸಾಕ್ಷಿ. ಇನ್ನೊಂದು ಮಾತ್ರ ಕಲಿತು ತಿಳಿಯುವಂಥದ್ದಲ್ಲ, ಮೊದಲೇ ಗೊತ್ತಿರಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಕೆಳಗಿಳಿದು ಒಂದೇ ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎಸೆಯುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಬಾಣಲೆ ಅಲ್ಲಾಡಿಸದೆ ಬಿಡಿ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. ಹಾಸ್ಟೆಲ್ ಬಿಟ್ಟು ರೂಮ್ ಮಾಡಿದ್ದಾನೆ. "ಮಾಮ, ಈರುಳ್ಳಿ ಎಷ್ಟು ನಿಮಿಷ ಹುರೀಬೇಕು?" ಅಂದ. "ಗೊತ್ತಾಗುತ್ತೆ ಬಿಡು" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ಫೋನ್ ಒಲೆ ಪಕ್ಕ ಹಿಡಿ" ಅಂದೆ. ಆ ಕಡೆಯಿಂದ ಜೋರಾಗಿ ಚುಂಯ್.

"ಇನ್ನೂ ನೀರಿದೆ ಕಣೋ. ಉರಿ ಸ್ವಲ್ಪ ಸಣ್ಣ ಮಾಡು. ಫೋನ್ ಇಡ್ಬೇಡ, ಸದ್ದು ಬದಲಾದಾಗ ನೀನೇ ಹೇಳು."

ಇಬ್ಬರೂ ಮಾತಾಡದೆ ಬಾಣಲೆ ಸದ್ದು ಕೇಳುತ್ತಾ ಇದ್ದೆವು. ಎಷ್ಟೋ ಹೊತ್ತಿನ ಮೇಲೆ ಅವನು ಪಿಸುಗುಟ್ಟಿದ, "ಮಾಮ, ಈಗ?"