ಕುರಿ ನೋಡಿ ಕಿರುಚಿದ್ದಲ್ಲ, ಎದುರಿಗೆ ಟ್ಯಾಂಕರ್ ಬರುತ್ತಿತ್ತು

ನ್ಯೂಜಿಲೆಂಡಿಗೆ ಹೋಗಿ ಬಂದ ಮೇಲೆ ಶಿರಸಿ ಸೀಮೆಯಲ್ಲಿ ಯಾರ ಮನೆ ಊಟಕ್ಕೂ ಹೋಗುವುದು ಬೇಡ ಅನ್ನಿಸಿಬಿಟ್ಟಿದೆ. ಉಪನಯನ ಇರಲಿ, ಮದುವೆ ಇರಲಿ, ಊಟ ಮುಗಿದು ಕವಳದ ತಟ್ಟೆ ಜಗಲಿಗೆ ಬಂತು ಅಂದರೆ ಯಾರಾದರೊಬ್ಬರು ನಮ್ಮನೆಯವರಿಗೆ ಕೀಲಿ ಕೊಡುತ್ತಾರೆ. "ಭಾವಾ, ಆ ಕುರಿ ಕಥೆ ಒಂಚೂರು ಹೇಳು." ಅಷ್ಟು ಸಾಕು. ಕಥೆಯಲ್ಲಿ ಕಾರು ಓಡಿಸಿದ ಶೂರ ಅವರು. ಕುರಿ ನೋಡಿ ಕಿರುಚಿದವಳು ನಾನು. ಉಪ್ಪಿನಕಾಯಿ ತಂದು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದವಳು ನಾನು. ದಾರಿ ತಪ್ಪಿಸಿದವಳೂ ನಾನೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೌದಾ, ಹಂಗೇ ಆಗಿದ್ದಾ ಎಂದು ಒಬ್ಬರಾದರೂ ಒಳಗೆ ಬಂದು ನನ್ನನ್ನು ಕೇಳಿಲ್ಲ.

ಆಗಿದ್ದನ್ನು ನಾನು ಹೇಳುತ್ತೇನೆ.

ಅಲ್ಲಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಮಳೆ ಜಾಸ್ತಿ, ಹೊಳೆ ಜಾಸ್ತಿ. ಹೆದ್ದಾರಿಯಲ್ಲೂ ಎಷ್ಟೋ ಸೇತುವೆಗಳು ಒಂದು ವಾಹನ ಹೋಗುವಷ್ಟೇ ಅಗಲ. ಸೇತುವೆಗೆ ಮೊದಲು ಎರಡು ಬಾಣದ ಬೋರ್ಡ್ ಇರುತ್ತದೆ. ನಮ್ಮ ಕಡೆಯ ಬಾಣ ಸಣ್ಣದಾಗಿ ಕೆಂಪಗಿದ್ದರೆ ನಾವು ನಿಲ್ಲಬೇಕು, ಎದುರಿನವರು ಮೊದಲು ಬರಬೇಕು. ಇದನ್ನು ನಾನು ಹೊರಡುವ ಮೊದಲೇ ಓದಿ ಅವರಿಗೂ ಹೇಳಿದ್ದೆ. "ದೇವಿಮನೆ ಘಟ್ಟ ಇಳಿಸಿದವನಿಗೆ ನೀ ಡ್ರೈವಿಂಗ್ ಕಲಿಸಡ" ಅಂದಿದ್ದರು. ಆ ದಿನ ಪಕ್ಕದ ಗದ್ದೆಯಲ್ಲಿ ಕುರಿ ಇದ್ದವು, ಸುಳ್ಳಲ್ಲ. ಇವರು ಕುರಿ ನೋಡುತ್ತಾ ಕೆಂಪು ಬಾಣ ದಾಟಿ ಸೇತುವೆಗೇ ಏರಿಸಿದರು. ಎದುರಿಗೆ ಹಾಲಿನ ಟ್ಯಾಂಕರ್, ಅರ್ಧ ಸೇತುವೆ ದಾಟಿ ಆಗಿತ್ತು. "ನಿಲ್ಸಿ, ನಿಲ್ಸಿ!" ಎಂದು ಕೂಗಿದ್ದು ನಾನು. ಕೂಗದೆ ಏನು ಮಾಡಬೇಕಿತ್ತು? ಇಂಡಿಕೇಟರ್ ಹಾಕಿ ಹಿಂದಕ್ಕೆ ಬರುತ್ತೇನೆ ಎಂದು ವೈಪರ್ ಹಾಕಿದರು. ಆ ಬಾಡಿಗೆ ಕಾರು ಜಪಾನಿನದು, ಇಂಡಿಕೇಟರ್ ಕಡ್ಡಿ ಬಲಗಡೆ, ಇವರು ಎಳೆದಿದ್ದು ಎಡಗಡೆಯದ್ದು. ಒಣ ಗಾಜಿನ ಮೇಲೆ ವೈಪರ್ ಕಿರ್ರ್ ಕಿರ್ರ್ ಅನ್ನುತ್ತಿದೆ, ಟ್ಯಾಂಕರಿನವನು ಪಾಪ ಸುಮ್ಮನೆ ನಿಂತಿದ್ದಾನೆ, ಇವರ ಕೈ ನಡುಗುತ್ತಿದೆ. ಜಗಲಿಯ ಕಥೆಯಲ್ಲಿ ಟ್ಯಾಂಕರೇ ಇಲ್ಲ. ಕುರಿ ಇದೆ, ಕಿರುಚಾಟ ಇದೆ, ಅಷ್ಟೇ.

ಇನ್ನು ಉಪ್ಪಿನಕಾಯಿ. ಆ ದೇಶಕ್ಕೆ ತಿನ್ನುವ ಪದಾರ್ಥ ಏನೇ ಒಯ್ದರೂ ಫಾರ್ಮಿನಲ್ಲಿ ಬರೆಯಬೇಕು. ಮುಚ್ಚಿಟ್ಟರೆ ನಿಂತಲ್ಲೇ 400 ಡಾಲರ್ ದಂಡ. ನಾನು ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಬರೆದೆ. ಅಧಿಕಾರಿ ಒಂದೊಂದೇ ತೆಗೆದು ನೋಡಿ ವಾಪಸ್ ಕೊಟ್ಟ. ಸಿಕ್ಕಿಬಿದ್ದಿದ್ದು ಇವರ ಜೇನುತುಪ್ಪದ ಬಾಟಲಿ! ಅಂಗಿಯೊಳಗೆ ಸುತ್ತಿ ಅಡಗಿಸಿಟ್ಟಿದ್ದರು, ನನಗೇ ಹೇಳಿರಲಿಲ್ಲ. ಅಲ್ಲಿಯ ಜೇನುಹುಳಕ್ಕೆ ಹೊರಗಿನ ರೋಗ ಬರಬಾರದು ಅಂತ ನಮ್ಮ ಕಡೆಯ ಜೇನುತುಪ್ಪವನ್ನು ಅವರು ಒಳಗೇ ಬಿಡುವುದಿಲ್ಲ. ಫಾರ್ಮಿನಲ್ಲಿ ತಿನ್ನುವ ಪದಾರ್ಥ ಇದೆ ಎಂದು ನಾನು ಟಿಕ್ ಹಾಕಿದ್ದಕ್ಕೆ ದಂಡ ಬೀಳಲಿಲ್ಲ, ಬಾಟಲಿ ಮಾತ್ರ ಹೋಯಿತು. "ಟಿಕ್ ಹಾಕಡ, ಸುಮ್ನೆ ತಡ ಆಗ್ತು" ಎಂದು ಕಿವಿಯಲ್ಲಿ ಪಿಸುಗುಟ್ಟಿದ್ದವರು ಯಾರು? ಅದನ್ನೂ ಹೇಳಲಿ ಜಗಲಿಯಲ್ಲಿ.

ದಾರಿ ತಪ್ಪಿದ ಕಥೆ ಇನ್ನೂ ಚಂದ. ಟೆ ಅನೌ ಊರಿನಿಂದ ಮಿಲ್ಫರ್ಡ್ ಸೌಂಡಿಗೆ, ಅಂದರೆ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಜಾಗಕ್ಕೆ, ಸುಮಾರು 120 ಕಿ.ಮೀ. ದಾರಿಯಲ್ಲಿ ಬಹಳ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಮ್ಯಾಪ್ ಇಳಿಸಿಟ್ಟುಕೊಂಡಿದ್ದೆ. ಹಾಲಿಫರ್ಡ್ ಕಣಿವೆಗೆ ಕವಲು ಒಡೆಯುವಲ್ಲಿ ಎಡಕ್ಕೆ ಅಂದೆ. ಇವರು ಮ್ಯಾಪ್ ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ, ಜಲ್ಲಿ ರಸ್ತೆಗೆ ಬಿಟ್ಟರು. ಆ ರಸ್ತೆ ಕಾಡಿನೊಳಗೆ ಹೋಗಿ ಮುಗಿಯುತ್ತದೆ, ಸಮುದ್ರ ಕಾಣುವುದಿಲ್ಲ. ತಿರುಗಿಸಿಕೊಂಡು ಬಂದು, ಹೋಮರ್ ಸುರಂಗದ ಬಾಯಲ್ಲಿ ಟ್ರಾಫಿಕ್ ಸಿಗ್ನಲ್ಲಿಗೆ ಕಾದು, ಮಿಲ್ಫರ್ಡ್ ಮುಟ್ಟುವಷ್ಟರಲ್ಲಿ ನಮ್ಮ ದೋಣಿ ಹೋಗಿಯಾಗಿತ್ತು. ಟಿಕೆಟ್ ದುಡ್ಡು ನೀರಿಗೆ. ದಡದಲ್ಲಿ ಕೂತು ಮರಳು ನೊಣದ ಕೈಲಿ ಕಚ್ಚಿಸಿಕೊಂಡೆವು. ಅವು ಕಚ್ಚಿದ ಕಡೆ ವಾರಗಟ್ಟಲೆ ತುರಿಸಿತು.

ಸಿಟ್ಟು ಬರುವುದು ಇಷ್ಟಕ್ಕೇ ಅಲ್ಲ. ರೂಮು ಹುಡುಕಿದವಳು, ಪೆಟ್ರೋಲ್ ಎಲ್ಲಿ ಸಿಗುತ್ತದೆ ಎಂದು ಬರೆದಿಟ್ಟವಳು, ಸಂಜೆ ಕುಕ್ಕರಿನಲ್ಲಿ ಅನ್ನ ಮಾಡಿ ಹಾಕಿದವಳು ನಾನು. ಆ ಅಪ್ಪೆಮಿಡಿ ಇಲ್ಲದಿದ್ದರೆ ಇವರಿಗೆ ಅಲ್ಲಿ ಊಟವೇ ಸೇರುತ್ತಿರಲಿಲ್ಲ. ಬಾಯಿ ಚಪ್ಪರಿಸಿ ತಿಂದು ಇಲ್ಲಿ ಬಂದು ಅದರದ್ದೇ ತಮಾಷೆ. ನಾನೂ ಅಲ್ಲಿಗೆ ಆಸೆಯಿಂದಲೇ ಹೋಗಿದ್ದೆ. ನನಗೂ ಹೇಳಲು ಕಥೆ ಇದೆ, ಟೆಕಾಪೊ ಕೆರೆಯ ನೀಲಿ ಬಣ್ಣದ್ದು, ಹಿಮದ ಬೆಟ್ಟಗಳದ್ದು. ಅದನ್ನು ಹೇಳಲು ಹೊರಟರೆ "ತಡಿ ಅತ್ತಿಗೆ, ಮೊದ್ಲು ಕುರಿದು" ಅನ್ನುತ್ತಾರೆ.

ಮೊನ್ನೆ ಕಾರವಾರದಿಂದ ನನ್ನ ತಮ್ಮನೇ ಫೋನ್ ಮಾಡಿ, ಕುರಿ ನೋಡಿ ಹೆದರಿದೆಯಂತೆ ಅಲ್ವಾ ಎಂದು ಕೇಳಿದ. ಟ್ಯಾಂಕರಿನಿಂದ ಜೇನುತುಪ್ಪದ ತನಕ ಒಂದೂ ಬಿಡದೆ ಹೇಳಿದೆ. ಅವನಿಗೆ ನಗು ಬರಲಿಲ್ಲ. "ಭಾವ ಇದನ್ನೆಲ್ಲ ಹೇಳಲೇ ಇಲ್ವಲ್ಲೇ ಅಕ್ಕಾ" ಅಂದ. ಹೇಗೆ ಹೇಳುತ್ತಾರೆ?